ನಾಲ್ಕರ ಬೆಲೆಗೆ ಒಂಬತ್ತು

ನಮ್ಮ ಕಂಪೆನಿಯಲ್ಲಿ ಒಂದು ಮೊಳೆ ಗೋಡೆಗೆ ಹೋಗಬೇಕಾದರೂ ಅದರ ಕಾಗದ ಮೊದಲು ನನ್ನ ಮೇಜಿಗೆ ಬರಬೇಕು. ನಾನು ಕ್ಯಾರೊಲಿನ್, ಅಬುಧಾಬಿಯ ಖಾಲಿದಿಯಾದ ಒಂದು ಕಾಂಟ್ರಾಕ್ಟಿಂಗ್ ಕಂಪೆನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಮೊಳೆ ಯಾವ ದೇಶದ್ದು, ಯಾರು ಮಾಡಿದ್ದು, ತುಕ್ಕು ಹಿಡಿಯುವುದಿಲ್ಲ ಎಂದು ಯಾರು ಬರೆದುಕೊಟ್ಟದ್ದು, ಎಲ್ಲವನ್ನೂ ಜೋಡಿಸಿ, ನಂಬರ್ ಕೊಟ್ಟು, ಕನ್ಸಲ್ಟೆಂಟರಿಗೆ ಕಳಿಸುವುದು ನನ್ನ ಕೆಲಸ. ನಮ್ಮ ಕೆಲಸದ ಮೇಲೆ ಕಣ್ಣಿಡಲು ಕಕ್ಷಿದಾರರು, ಅಂದರೆ ನಮಗೆ ಕೆಲಸ ಕೊಟ್ಟವರು, ನೇಮಿಸಿದವರು ಈ ಕನ್ಸಲ್ಟೆಂಟರು. ಅವರು ಹದಿನಾಲ್ಕು ದಿನ ಅದನ್ನು ಇಟ್ಟುಕೊಂಡು ಒಂದು ಅಕ್ಷರ ಬರೆದು ವಾಪಸು ಕಳಿಸುತ್ತಾರೆ. ಎ ಎಂದರೆ ಮಂಜೂರು. ಬಿ ಎಂದರೆ ಮಂಜೂರು, ಆದರೆ ಮುಖ ಸಿಂಡರಿಸಿಕೊಂಡು. ಸಿ ಎಂದರೆ ತಿದ್ದಿ ಮತ್ತೆ ಕಳಿಸಿ. ಡಿ ಎಂದರೆ ಇದರ ಹೆಸರನ್ನು ಇನ್ನೊಮ್ಮೆ ಎತ್ತಬೇಡಿ.

ಹನ್ನೊಂದು ವರ್ಷದಲ್ಲಿ ನನ್ನ ಕೈ ದಾಟಿದ ಫೈಲಿನಲ್ಲಿ ಒಂದು ಕಾಗದ ಕಡಿಮೆ ಇತ್ತೆಂದು ಯಾರೂ ಹೇಳಿಲ್ಲ. ಜನ ನನ್ನನ್ನು ಹಿಂದಿನಿಂದ ‘ಸರ್ಟಿಫಿಕೇಟ್ ಬಾಯಿ’ ಎನ್ನುತ್ತಾರೆಂದು ಗೊತ್ತು; ನಮ್ಮ ಊರ ಕಡೆ ಕ್ರಿಸ್ತರ ಹೆಂಗಸರನ್ನು ಬಾಯಿ ಎಂದೇ ಕರೆಯುವುದು. ಅನ್ನಲಿ. ಆ ಹೆಸರಿನ ಮೇಲೆ ನನಗೆ ಒಳಗೊಳಗೇ ಪ್ರೀತಿಯಿತ್ತು, ಸುಳ್ಳು ಯಾಕೆ ಹೇಳಲಿ.

2013ರಲ್ಲಿ ನಮಗೆ ಲಿವಾದ ಆಚೆ, ಮರಳುಗಾಡಿನೊಳಗೆ, ಸರ್ವೆ ಕ್ಯಾಂಪುಗಳನ್ನು ನಡೆಸುವ ಕೆಲಸ ಸಿಕ್ಕಿತು. ಮೊದಲು ಒಂದು ಕ್ಯಾಂಪು. ಅದು ಸರಿಹೋದರೆ ಇನ್ನು ಹನ್ನೆರಡು. ಅಲ್ಲಿ ಮೊಬೈಲ್ ಸಿಗುವುದಿಲ್ಲ. ಸ್ಯಾಟಲೈಟ್ ಫೋನ್ ಒಂದಿತ್ತು, ಅದು ಕ್ಯಾಂಪ್ ಬಾಸಿನ ಜೀಪಿನಲ್ಲೇ ಊರೆಲ್ಲ ಸುತ್ತುತ್ತಿತ್ತು. ಉಳಿದವರಿಗೆ ದಿಕ್ಕು ಎಂದರೆ ರೇಡಿಯೋ. ನಮ್ಮ ಆಫೀಸಿನ ಟೆರೇಸಿನಲ್ಲಿ ಒಂದು ಆಂಟೆನಾ, ಅಲ್ಲಿ ಒಂದು ಆಂಟೆನಾ, ದಿನಾ ಸಂಜೆ ನಾಲ್ಕಕ್ಕೆ ಕ್ಯಾಂಪಿನ ನರ್ಸ್ ‘ಎಲ್ಲ ಕ್ಷೇಮ’ ಎಂದು ಹೇಳಬೇಕು. ಆ ನರ್ಸ್ ಎಂದರೆ ಡ್ಯಾರಲ್. ಡ್ಯಾರಲ್ ಎಂದರೆ ನನ್ನ ಗಂಡ. ಇಪ್ಪತ್ತೆಂಟು ದಿನ ಮರಳಿನಲ್ಲಿ, ಹದಿನಾಲ್ಕು ದಿನ ಮನೆಯಲ್ಲಿ. ಆದ್ದರಿಂದ ಆ ರೇಡಿಯೋ ಸರಿಯಾಗಿ ಮಾತಾಡಬೇಕೆಂಬ ಆಸೆ ಕಂಪೆನಿಯಲ್ಲಿ ಎಲ್ಲರಿಗಿಂತ ಹೆಚ್ಚು ನನಗಿತ್ತು. ಇದನ್ನು ನೆನಪಿಡಿ, ಯಾಕೆಂದರೆ ಮುಂದೆ ನಾನು ಮಾಡಿದ್ದನ್ನು ಕೇಳಿದರೆ ನಿಮಗೆ ಹಾಗೆ ಅನಿಸುವುದಿಲ್ಲ.

ರೇಡಿಯೋ ಇಂಜಿನಿಯರ್ ಸೂರಜ, ಗದಗಿನವನು. ದುಬೈಯ ಡಿಸ್ಕವರಿ ಗಾರ್ಡನ್ಸಿನಿಂದ ದಿನಾ ಕಾರ್ ಲಿಫ್ಟಿನಲ್ಲಿ, ಅಂದರೆ ತಿಂಗಳ ಬಾಡಿಗೆ ಹಂಚಿಕೊಳ್ಳುವ ಕಾರಿನಲ್ಲಿ, ನಾಲ್ಕು ಜನ ನಿದ್ದೆಗಣ್ಣಿನವರ ಜೊತೆ ಒತ್ತಿಕೊಂಡು ಅಬುಧಾಬಿಗೆ ಬರುತ್ತಿದ್ದ. ಒಂದು ದಿನ ನಾನು ನನ್ನ ಮೇಜಿನಲ್ಲಿ ಕೂತು ಚಹಾ ಕುಡಿಯುತ್ತಿರುವಾಗ ಒಂದು ಫೈಲ್ ತಂದು ನನ್ನ ಮುಂದಿಟ್ಟ.

“ಅಕ್ಕಾರ, ಇದು ಬ್ಯಾಲನ್ ರೀ. ಆಂಟೆನಾಕ್ಕೂ ಕೇಬಲ್ಲಿಗೂ ನಡುವ ಹಾಕೂದು.”

ಚಿತ್ರದಲ್ಲಿ ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಒಂದು ಡಬ್ಬಿ ಇತ್ತು. “ಅದಿಲ್ಲದಿದ್ದರೆ ಎಂತ ಆಗ್ತದೆ?” ಎಂದು ಕೇಳಿದೆ.

“ಆಂಟೆನಾಕ್ಕ ಎರಡು ಕೈ ಅದಾವ್ರಿ. ಎರಡಕ್ಕೂ ಸರಿಸಮ ಕರೆಂಟ್ ಹೋಗಬೇಕು. ಆದ್ರ ಈ ಕೇಬಲ್ಲಿನಾಗ ಒಂದು ತಂತಿ ಒಳಗ, ಇನ್ನೊಂದು ಅದರ ಸುತ್ತ ಜಾಳಗಿ ಹಂಗ ಹೊರಗ. ಇವೆರಡು ಸರಿಸಮ ಅಲ್ಲ. ಸುಮ್ನ ಜೋಡಿಸಿದ್ರ ಒಂದಿಷ್ಟು ಕರೆಂಟ್ ಆಂಟೆನಾಕ್ಕ ಹೋಗೂದು ಬಿಟ್ಟು ಕೇಬಲ್ಲಿನ ಹೊರಮೈ ಹಿಡಕೊಂಡು ತಿರುಗಿ ರೂಮಿಗೇ ಬರ್ತೈತಿ. ಅದನ್ನ ತಡಿಯೂದು ಇದರ ಮೊದಲನೇ ಕೆಲಸ.”

“ಎರಡನೇದು?”

“ನಮ್ಮ ಆಂಟೆನಾ ಇನ್ನೂರು ಓಮಿಂದು. ಕೇಬಲ್ ಐವತ್ತರದು. ಇನ್ನೂರಕ್ಕ ಐವತ್ತು ಎಷ್ಟು ಸಲ ಹೋಗ್ತೈತಿ? ನಾಲ್ಕು. ಅದಕ್ಕ ನಾಲ್ಕಕ್ಕೊಂದರ ಬ್ಯಾಲನ್ನೇ ಬೇಕು. ಹೆಚ್ಚಾದ್ರೂ ತಪ್ಪು, ಕಡಿಮಿ ಆದ್ರೂ ತಪ್ಪು. ಚಪ್ಪಲಿ ಅಳತಿ ಇದ್ದಂಗ್ರಿ.”

ನನಗೆ ಚೆನ್ನಾಗಿ ಅರ್ಥವಾಯಿತು. ಆದರೆ ಅರ್ಥವಾಗುವುದು ಬೇರೆ, ಚೆಕ್‌ಲಿಸ್ಟ್ ಬೇರೆ. ಫೈಲ್ ತಿರುವಿದೆ. ಆ ಡಬ್ಬಿ ಮಾಡುವವರು ಯುರೋಪಿನ ಯಾವುದೋ ಹಳ್ಳಿಯಲ್ಲಿ ಒಂದು ಶೆಡ್ಡಿನಲ್ಲಿ ಕೂತಿರುವ ಇಬ್ಬರು ಅಣ್ಣತಮ್ಮಂದಿರು. ಅಳತೆಯ ಪಟ್ಟಿ ಇತ್ತು, ಪರೀಕ್ಷೆಯ ಗ್ರಾಫ್ ಇತ್ತು, ಉಗಮ ದೇಶದ ಪ್ರಮಾಣಪತ್ರ ಇರಲಿಲ್ಲ. “ಇದುವರೆಗೆ ಯಾರೂ ಕೇಳಿಲ್ಲ, ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತೇವೆ” ಎಂದು ಅವರು ಬರೆದಿದ್ದರು. ಪಾಪ, ಗಲ್ಫಿನ ಗಾಳಿ ಸೋಕದ ಜನ.

ನಾನು ಟೈಪ್ ಮಾಡಿದೆ: ‘ಉಗಮ ದೇಶದ ಪ್ರಮಾಣಪತ್ರ ಲಗತ್ತಿಸಿಲ್ಲ. ಹಿಂತಿರುಗಿಸಲಾಗಿದೆ.’ ಸೀಲ್ ಒತ್ತಿದೆ. ಸೂರಜ ಏನೋ ಹೇಳಲು ಬಾಯಿ ತೆರೆದ; ನಾನು ಚಹಾದ ಕಪ್ ತೊಳೆಯಲು ಎದ್ದೆ.

ಆ ಜಾಗ ಹೆಚ್ಚು ದಿನ ಖಾಲಿ ಉಳಿಯಲಿಲ್ಲ. ನಮ್ಮ ಪರ್ಚೇಸ್ ಮ್ಯಾನೇಜರ್ ಆನ್ಸೆಲ್ಮ್ ಪಾಯ್ಸ್ ಊರಿನಲ್ಲಿ ನಮ್ಮದೇ ಇಗರ್ಜಿಯವರು, ನನಗೆ ಈ ಕೆಲಸ ಕೊಡಿಸಿದವರು. ಬರ್ ದುಬೈಯ ಬಟ್ಟೆ ಅಂಗಡಿಯವರು ಇವರು ಬರುವುದನ್ನು ಕಂಡರೆ ಶಟರ್ ಎಳೆಯುತ್ತಾರೆ. ಒಂದು ಸೀರೆ ಕೊಂಡರೆ ಮೇಲೊಂದು ಬ್ಲೌಸ್ ಪೀಸ್, ಅದರ ಮೇಲೊಂದು ಕರವಸ್ತ್ರ, ಮತ್ತೆ ಚಹಾ. ಅವರು ಮೂರು ಕಡೆ ಕೊಟೇಶನ್ ತರಿಸಿ ನನ್ನ ಮೇಜಿಗೆ ಬಂದು ಕೊಂಕಣಿಯಲ್ಲಿ ಗುಟ್ಟು ಹೇಳುವವರಂತೆ ಹೇಳಿದರು.

“ಬಾಯೆ, ಆ ಹುಡುಗ ನಾಲ್ಕರದ್ದು ಕೇಳಿದ ಅಲ್ವಾ? ನಾನು ಅದೇ ರೇಟಿಗೆ ಒಂಬತ್ತರದ್ದು ತಂದಿದ್ದೇನೆ. ಒಂಬತ್ತಕ್ಕೊಂದು! ಸ್ಟೀಲಿನ ಬಾಕ್ಸು. ಸರ್ಟಿಫಿಕೇಟು ಎಷ್ಟು ಬೇಕು ನಿನಗೆ?”

ಸರ್ಟಿಫಿಕೇಟು ಹದಿನೇಳಿದ್ದವು. ಡಬ್ಬಿಗೆ, ಡಬ್ಬಿಯ ಬಣ್ಣಕ್ಕೆ, ತಿರುಪಿಗೆ, ಅದು ಬಂದ ರಟ್ಟಿನ ಪೆಟ್ಟಿಗೆಗೆ ಕೂಡ. ಅಂಥ ತುಂಬಿದ ಫೈಲನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ನನಗೆ ಖುಷಿಯಾಯಿತು, ಒಪ್ಪಿಕೊಳ್ಳುತ್ತೇನೆ. ಹದಿನಾಲ್ಕು ದಿನ ಹಿಡಿಯುವ ಕನ್ಸಲ್ಟೆಂಟರು ಎರಡೇ ದಿನದಲ್ಲಿ ಎ ಬರೆದು ಕಳಿಸಿದರು.

ಸೂರಜ ತಕರಾರು ಎತ್ತಿದ. ಮೀಟಿಂಗ್ ಕರೆದರು. ಜನರಲ್ ಮ್ಯಾನೇಜರ್ ಅವನ ಮಾತನ್ನು ಅರ್ಧ ನಿಮಿಷ ಕೇಳಿ, ಬೆರಳೆತ್ತಿ ನಿಲ್ಲಿಸಿದರು. “ನನ್ನ ಪ್ರಶ್ನೆ ಒಂದೇ. ಒಂಬತ್ತು ನಾಲ್ಕಕ್ಕಿಂತ ಕಡಿಮೆಯೇ?”

“ಇಲ್ಲ ಸರ್, ಆದರೆ—”

“ಅಷ್ಟು ಸಾಕು.”

ನಡಾವಳಿ ಬರೆದವಳು ನಾನೇ: ‘ಒಂಬತ್ತು ನಾಲ್ಕಕ್ಕಿಂತ ಹೆಚ್ಚೆಂಬುದನ್ನು ಇಂಜಿನಿಯರ್ ಒಪ್ಪಿದರು.’ ಅದಕ್ಕೂ ಒಂದು ನಂಬರ್ ಇದೆ.

ಕ್ಯಾಂಪಿನ ಉದ್ಘಾಟನೆಗೆ ಜನರಲ್ ಮ್ಯಾನೇಜರ್ ಸ್ವತಃ ಹೋದರು. ರಿಬ್ಬನ್ ಕತ್ತರಿಸಿ, ಖರ್ಜೂರ ತಿಂದು, ಮೊದಲ ಮಾತು ತಾವೇ ಆಡಬೇಕೆಂದು ರೇಡಿಯೋದ ಕಬ್ಬಿಣದ ಮೈಕನ್ನು ತುಟಿಗೆ ಹಿಡಿದು ಗುಂಡಿ ಒತ್ತಿದರು. ಮೈಕು ಅವರ ತುಟಿಯನ್ನು ಚುರ್ರೆಂದು ಕಚ್ಚಿತು. ಇತ್ತ ಆಫೀಸಿನ ರೇಡಿಯೋ ರೂಮಿನಲ್ಲಿ ಕೇಕ್ ಹಿಡಿದು ನಿಂತಿದ್ದ ನಮಗೆ ಕೇಳಿಸಿದ್ದು ಗೊರಗೊರ ಸದ್ದು, ಆಮೇಲೆ ಏನೂ ಇಲ್ಲ. ನಾವು ಚಪ್ಪಾಳೆ ತಟ್ಟಿದೆವು.

ಸೂರಜನೊಬ್ಬ ತಟ್ಟಲಿಲ್ಲ. “ಕೇಬಲ್ಲಿನ ಹೊರಗಿಂದ ಕರೆಂಟ್ ವಾಪಸ್ ಬರಾಕತ್ತೈತಿ” ಎಂದ. “ಆ ಡಬ್ಬಿ ಅದನ್ನ ತಡಿಯೂ ಜಾತೀದೇ ಅಲ್ಲ. ಅಳತೀನೂ ಕೂಡ್ಲಿಲ್ಲ, ಅದಕ್ಕ ರೇಡಿಯೋ ಹೆದರಿ ತನ್ನ ಪವರ್ ತಾನೇ ಇಳಿಸ್ಕೊಂಡೈತಿ. ಮಾತು ಮುಟ್ಟೂದಿಲ್ರಿ ಅಕ್ಕಾರ.”

ಹಸ್ತಾಂತರದ ಫಾರ್ಮಿನಲ್ಲಿ ಇದ್ದ ಪ್ರಶ್ನೆ ‘ಮಾತು ಮುಟ್ಟುತ್ತದೆಯೇ’ ಎಂದಲ್ಲ. ‘ಮಂಜೂರಾದ ಬ್ಯಾಲನ್ ಅಳವಡಿಸಲಾಗಿದೆಯೇ’ ಎಂದು. ಹೌದು ಎಂದು ಟಿಕ್ ಬಿತ್ತು. ತುಟಿಯ ವಿಷಯಕ್ಕೆ ಬೇರೆ ಕ್ರಮವಾಯಿತು: ಸೇಫ್ಟಿ ವಿಭಾಗದವರು, ಮೈಕ್ ಹಿಡಿಯುವಾಗ ರಬ್ಬರ್ ಗ್ಲೌಸ್ ಹಾಕಬೇಕು, ಮೈಕನ್ನು ತುಟಿಯಿಂದ ಒಂದು ಗೇಣು ದೂರವಿಡಬೇಕು ಎಂದು ಸುತ್ತೋಲೆ ಹೊರಡಿಸಿದರು. ಗ್ಲೌಸಿನ ಫೈಲನ್ನೂ ನಾನೇ ಕಳಿಸಿದೆ. ಅದಕ್ಕೂ ಎ ಬಂತು.

ಮೊದಲ ಇಪ್ಪತ್ತೆಂಟು ದಿನ ನಾನು ಸಂಜೆ ನಾಲ್ಕಕ್ಕೆ ರೇಡಿಯೋ ರೂಮಿಗೆ ಹೋಗಿ ನಿಲ್ಲುತ್ತಿದ್ದೆ. ಒಂದು ದಿನ ಗೊರಗೊರ, ಇನ್ನೊಂದು ದಿನ ಅದೂ ಇಲ್ಲ. ಆಪರೇಟರ್ ಪುಸ್ತಕದಲ್ಲಿ ‘ಸಂಕೇತ ಬಂದಿದೆ, ಎಲ್ಲ ಕ್ಷೇಮ’ ಎಂದು ಬರೆಯುತ್ತಿದ್ದ. ನಾನು ಅದನ್ನು ನಂಬಿ ಮನೆಗೆ ಹೋಗುತ್ತಿದ್ದೆ. ಪುಸ್ತಕದಲ್ಲಿ ಬರೆದದ್ದನ್ನು ನಂಬದಿದ್ದರೆ ನನ್ನ ಕೆಲಸಕ್ಕೆ ಅರ್ಥವೇನು?

ಡ್ಯಾರಲ್ ರಜೆಗೆ ಬಂದಾಗ ಅವನ ಕೆಳತುಟಿಯಲ್ಲಿ ಮೂರು ಸುಟ್ಟ ಗುಳ್ಳೆಗಳಿದ್ದವು. ಬಾಗಿಲಲ್ಲೇ ನಿಂತು ನಾನು ನಕ್ಕೆ. “ಎಂತ, ನಿನಗೂ ಮೈಕು ಮುತ್ತು ಕೊಟ್ಟಿತಾ?”

ಅವನು ನಗಲಿಲ್ಲ. ಚೀಲ ಕೆಳಗಿಟ್ಟು ಕುಳಿತು ಹೇಳಿದ. ಹಿಂದಿನ ಮಂಗಳವಾರ ಮಧ್ಯಾಹ್ನ ಕ್ಯಾಂಪಿನ ಅಡುಗೆಯವ, ಉಪ್ಪಳದ ಅಲಿಕುಂಞಿ, ಎದೆ ಹಿಡಿದುಕೊಂಡು ಒಲೆಯ ಪಕ್ಕ ಕುಸಿದಿದ್ದ. ಜೀಪೂ ಇಲ್ಲ, ಅದರಲ್ಲಿದ್ದ ಫೋನೂ ಇಲ್ಲ. “ನಲವತ್ತು ನಿಮಿಷ ಕರೆದೆ, ಕ್ಯಾರು. ಗ್ಲೌಸ್ ಹಾಕಿ ಕರೆದೆ, ತೆಗೆದು ಕರೆದೆ. ಒಂದು ಗೇಣು ದೂರ ಹಿಡಿದರೆ ಎಂತದೂ ಹೋಗುವುದಿಲ್ಲ ಅಂತ ತುಟಿಗೇ ಒತ್ತಿ ಕರೆದೆ. ಅಲಿಕುಂಞಿ ನನ್ನ ಪ್ಯಾಂಟ್ ಹಿಡಿದುಕೊಂಡು ‘ಡಾಕ್ಟ್ರೇ, ಅವರು ಎಂತ ಹೇಳಿದ್ರು?’ ಅಂತ ಕೇಳ್ತಾ ಇದ್ದ. ಬರ್ತಾ ಇದ್ದಾರೆ ಅಂತ ಸುಳ್ಳು ಹೇಳಿದೆ.”

ಕೊನೆಗೆ ನೀರಿನ ಟ್ಯಾಂಕರ್ ಬಂದದ್ದು ಪುಣ್ಯ. ಅದರ ಕ್ಯಾಬಿನ್ನಿನಲ್ಲಿ ಅಲಿಕುಂಞಿಯನ್ನು ಮಲಗಿಸಿಕೊಂಡು ಮೂರು ಗಂಟೆ ಹೋಗಿ ಆಸ್ಪತ್ರೆ ಸೇರಿಸಿದರು. ಬದುಕಿದ.

ಮರುದಿನ ನಾನು ಆ ಮಂಗಳವಾರದ ಪುಸ್ತಕ ತೆಗೆದು ನೋಡಿದೆ. ‘ಸಂಕೇತ ಬಂದಿದೆ, ಎಲ್ಲ ಕ್ಷೇಮ.’ ಆಮೇಲೆ ಹಳೆಯ ಫೈಲ್ ತೆಗೆದು ನನ್ನ ಸೀಲ್ ನೋಡಿದೆ. ನನಗೆ ನಾಚಿಕೆಯಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಸೀಲನ್ನು ಕಿಟಕಿಯಿಂದ ಎಸೆಯಬೇಕೆನಿಸಿತು.

ಸೂರಜನ ಹತ್ತಿರ ಹೋಗಿ ಹೇಳಿದೆ, “ತಪ್ಪು ನನ್ನದು. ಡ್ಯಾರಲ್ ಹದಿನಾಲ್ಕು ದಿನದಲ್ಲಿ ವಾಪಸ್ ಹೋಗ್ತಾನೆ. ಎಂತ ಮಾಡುವುದು?”

“ತರಿಸಾಕ ಆರು ವಾರ ಬೇಕು. ಶುಕ್ರವಾರ ಮನಿಗೆ ಬರ್ರಿ, ತಂತಿ ಸುತ್ತಿ ನಾವೇ ಒಂದು ಬ್ಯಾಲನ್ ಮಾಡೂಣು.”

ಶುಕ್ರವಾರ ಇಲ್ಲಿ ವಾರದ ರಜೆ, ಇಗರ್ಜಿಯ ಪೂಜೆಯೂ ಅಂದೇ; ಅದನ್ನು ಮುಗಿಸಿ ನಾನೂ ಡ್ಯಾರಲನೂ ಡಿಸ್ಕವರಿ ಗಾರ್ಡನ್ಸಿಗೆ ಹೋದೆವು. ಸೂರಜನ ಹೆಂಡತಿ ಸೌಂದರ್ಯಾ ಊಟದ ಮೇಜನ್ನು ಒರೆಸಿ, ಹಳೆಯ ಪೇಪರ್ ಹಾಸಿ ಕೊಟ್ಟಳು. ಫೆರೈಟಿನ ಎರಡು ಕಪ್ಪು ಉಂಗುರ, ಬಿಳಿ ಹೊದಿಕೆಯ ತಂತಿ, ಅಷ್ಟೇ. ಜೋಡಿ ತಂತಿಯನ್ನು ಒಂದೊಂದು ಉಂಗುರಕ್ಕೂ ಸುತ್ತಬೇಕು, ಒಂದರ ಮೇಲೊಂದು ಹತ್ತದ ಹಾಗೆ. ಡ್ಯಾರಲ್ ಎಣಿಸಿದ, ಸೂರಜ ಸುತ್ತಿದ, ನಾನು ತುದಿ ಹಿಡಿದೆ. ಆಂಟೆನಾದ ಬದಲಿಗೆ ಇನ್ನೂರು ಓಮಿನ ರೆಸಿಸ್ಟರ್ ಸಿಕ್ಕಿಸಿ ಮೀಟರಿಗೆ ಹಚ್ಚಿದಾಗ ಪರದೆಯಲ್ಲಿ ಐವತ್ತು ಬಂತು.

“ಐವತ್ತು!” ಎಂದು ಸೌಂದರ್ಯಾ ಅಡುಗೆಮನೆಯಿಂದಲೇ ಕೂಗಿದಳು. ಅವಳಿಗೂ ಪಾಠವಾಗಿತ್ತು. ಆಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿ.

ಒಂದೇ ತೊಡಕಿತ್ತು. ಮಂಜೂರಾಗದ ವಸ್ತು ಕ್ಯಾಂಪಿನಲ್ಲಿ ಕಂಡರೆ ಇನ್‌ಸ್ಪೆಕ್ಟರ್ ಕಿತ್ತೆಸೆಯುತ್ತಾನೆ. ಇದಕ್ಕೆ ಉಪಾಯ ಹೇಳಿದವಳು ನಾನು, ಸರ್ಟಿಫಿಕೇಟ್ ಬಾಯಿ. ಮಂಜೂರಾದದ್ದು ಸ್ಟೀಲಿನ ಡಬ್ಬಿ. ಡಬ್ಬಿ ಅಲ್ಲೇ ಇರಲಿ, ಹೊಟ್ಟೆ ಮಾತ್ರ ಬದಲಾಗಲಿ. ಡ್ಯಾರಲ್ ವಾಪಸ್ ಹೋದ ದಿನವೇ ಸೂರಜ ಜೊತೆಗೆ ಹೋಗಿ ತಿರುಪು ಬಿಚ್ಚಿ, ಹಳೆಯದನ್ನು ತೆಗೆದು, ನಮ್ಮದನ್ನು ಕೂರಿಸಿ, ಮುಚ್ಚಿ ಬಂದ.

ಮರುದಿನ ನಾಲ್ಕಕ್ಕೆ ರೇಡಿಯೋ ರೂಮಿನಲ್ಲಿ ಡ್ಯಾರಲನ ಧ್ವನಿ ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು. ಅವನು ಕೆಮ್ಮಿದ್ದೂ ಕೇಳಿಸಿತು. ನನಗೆ ಅಳು ಬಂತು; ಆಪರೇಟರ್ ಪುಸ್ತಕದಲ್ಲಿ ಏನು ಬರೆಯುವುದೆಂದು ತಿಳಿಯದೆ ಪೆನ್ನು ಕಚ್ಚುತ್ತಿದ್ದ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಜಾಣೆ ಎಂದು ಬೀಗಬಹುದಿತ್ತು. ಎರಡು ತಿಂಗಳಾದ ಮೇಲೆ ಕಕ್ಷಿದಾರರು ರೇಡಿಯೋವನ್ನು ಹೊಗಳಿ ಪತ್ರ ಬರೆದರು. ಆನ್ಸೆಲ್ಮ್ ಅಂಕಲಿಗೆ ಒಂದು ಫಲಕ, ಒಂದು ಶಾಲು, ಒಂದು ಗ್ರೂಪ್ ಫೋಟೋ. ಮರುವಾರ ಅವರು ನನ್ನ ಮೇಜಿಗೆ ಇನ್ನೊಂದು ಕಾಗದ ತಂದರು: ಉಳಿದ ಹನ್ನೆರಡು ಕ್ಯಾಂಪಿಗೂ ಒಂಬತ್ತಕ್ಕೊಂದರದ್ದೇ ಬ್ಯಾಲನ್. ಕಾರಣದ ಕಾಲಮಿನಲ್ಲಿ ‘ಮೊದಲ ಕ್ಯಾಂಪಿನಲ್ಲಿ ಉತ್ತಮವಾಗಿ ಕೆಲಸ ಮಾಡಿದ್ದು ಸಾಬೀತಾಗಿದೆ’ ಎಂದಿತ್ತು.

“ನಂಬರ್ ಹಾಕು ಬಾಯೆ. ಹನ್ನೆರಡು ತಗೊಂಡರೆ ಒಂದು ಫ್ರೀ ಕೊಡ್ತಾನೆ.”

ನಾಳೆ ಹಾಕುತ್ತೇನೆ ಎಂದೆ. ಆ ನಾಳೆಯನ್ನು ಮೂರು ದಿನ ಮುಂದೂಡಿದೆ. ನಾನು ಬಾಯಿ ಬಿಟ್ಟರೆ ಡ್ಯಾರಲನ ಡಬ್ಬಿ ಬಿಚ್ಚುತ್ತಾರೆ, ನನ್ನನ್ನೂ ಸೂರಜನನ್ನೂ ಊರಿಗೆ ಕಳಿಸಿದರೂ ಕಳಿಸಿದರೇ. ಸುಮ್ಮನಿದ್ದರೆ ನನ್ನ ಗಂಡ ಕ್ಷೇಮ. ಸುಮ್ಮನಿರುವ ಕಡೆಗೇ ಮನಸ್ಸು ವಾಲುತ್ತಿತ್ತು, ನಾನೇನು ಸಂತಳಲ್ಲ.

ನಾಲ್ಕನೇ ದಿನ ನನ್ನ ಮೇಜಿನ ಮುಂದೆ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಅಲಿಕುಂಞಿ ನಿಂತಿದ್ದ. ತೆಳ್ಳಗಾಗಿದ್ದ, ಅಂಗಿ ಹೆಗಲಿನಿಂದ ಜಾರುತ್ತಿತ್ತು. ಚೀಲದಲ್ಲಿ ಊರಿನ ಬಾಳೆಕಾಯಿ ಚಿಪ್ಸ್.

“ಡಾಕ್ಟ್ರಿಗೆ ಕೊಡಿ ಬಾಯಮ್ಮ. ನನಗೆ ಫಿಟ್ ಅಂತ ಬರ್ದು ಕೊಟ್ಟಿದ್ದಾರೆ. ಏಳನೇ ಕ್ಯಾಂಪಿಗೆ ಹಾಕಿದ್ದಾರೆ ಈಗ.”

“ಎದೆನೋವಿನವರು ಮತ್ತೆ ಮರಳಿಗೆ ಯಾಕೆ ಹೋಗ್ತೀರಿ ಅಲಿಕುಂಞಿಯವರೇ?”

“ಎಂತ ಮಾಡುದು ಬಾಯಮ್ಮ, ವೀಸಾ ಅಡುಗೆಯವನದ್ದು. ಆದ್ರೆ ಈಗ ಹೆದರಿಕೆ ಇಲ್ಲ. ಡಾಕ್ಟ್ರ ಕ್ಯಾಂಪಿನ ರೇಡಿಯೋ ಈಗ ಭಾರೀ ಲಾಯ್ಕ್ ಆಗಿದೆ ಅಂತಲ್ಲ? ಅದೇ ಡಬ್ಬಿ ನಮಗೂ ಹಾಕ್ತಾರಂತೆ.”

ಅವನು ಹೋದ ಮೇಲೆ ನಾನು ಸೂರಜನನ್ನು ಕರೆದೆ. “ನಿಜ ಬರೆಯಲಾ? ನಿನ್ನ ಹೆಸರೂ ಬರ್ತದೆ.”

“ಬರೀರಿ ಅಕ್ಕಾರ. ಅಲ್ಲೆಲ್ಲೋ ಅಡಗಿಸಿಟ್ಟೇವಿ ಅಂದ್ರ ಅದು ಹೊರಮೈ ಹಿಡಕೊಂಡು ತಿರುಗಿ ರೂಮಿಗೇ ಬರ್ತೈತಿ.”

ಹಳೆಯ ಫೈಲಿನ ಮೊದಲ ರಿವಿಷನ್ ಎಂದು ಶೀರ್ಷಿಕೆ ಕೊಟ್ಟು ಎಲ್ಲ ಬರೆದೆ: ಒಂಬತ್ತಕ್ಕೊಂದರದ್ದು ತಪ್ಪು ಆಯ್ಕೆ, ಆ ಅಣ್ಣತಮ್ಮಂದಿರ ನಾಲ್ಕಕ್ಕೊಂದರದ್ದೇ ಬೇಕು, ಅದು ಬರುವ ತನಕ ಮೊದಲ ಕ್ಯಾಂಪಿನಲ್ಲಿರುವುದು ತಾತ್ಕಾಲಿಕ ಬ್ಯಾಲನ್. ತಾತ್ಕಾಲಿಕದ್ದರ ಉಗಮ ದೇಶದ ಕಾಲಮಿನಲ್ಲಿ ‘ಊಟದ ಮೇಜು, ಡಿಸ್ಕವರಿ ಗಾರ್ಡನ್ಸ್’ ಎಂದು ಟೈಪ್ ಮಾಡಿದೆ.

ಗದ್ದಲವಾಯಿತು. ಜನರಲ್ ಮ್ಯಾನೇಜರ್ ಮೇಜು ಗುದ್ದಿದರು. ನನಗೂ ಸೂರಜನಿಗೂ ವಾರ್ನಿಂಗ್ ಲೆಟರ್ ಬಂತು. ಅವುಗಳಿಗೆ ನಂಬರ್ ಕೊಟ್ಟು ಫೈಲ್ ಮಾಡಿದವಳೂ ನಾನೇ. ಊರಿಗೆ ಕಳಿಸಲಿಲ್ಲ, ಯಾಕೆಂದರೆ ಕಕ್ಷಿದಾರರ ಹೊಗಳಿಕೆ ಪತ್ರ ಇದ್ದದ್ದು ಆ ಊಟದ ಮೇಜಿಗೆ. ಆನ್ಸೆಲ್ಮ್ ಅಂಕಲ್ ನನ್ನೊಡನೆ ಮಾತು ಬಿಟ್ಟರು.

ಹದಿನಾಲ್ಕನೇ ದಿನ ಕನ್ಸಲ್ಟೆಂಟರ ಉತ್ತರ ಬಂತು. ಕೋಡ್ ಸಿ. ‘ತಾಂತ್ರಿಕವಾಗಿ ತೃಪ್ತಿಕರ. ಉಗಮ ದೇಶದ ಪ್ರಮಾಣಪತ್ರ ಲಗತ್ತಿಸಿಲ್ಲ. ಹಿಂತಿರುಗಿಸಲಾಗಿದೆ.’ ನನ್ನದೇ ವಾಕ್ಯ ನನ್ನ ಮುಖಕ್ಕೇ ಬಂದು ಬಡಿಯಿತು.

ಆದರೆ ನಿಯಮದ ಪುಸ್ತಕ ನನ್ನಷ್ಟು ಓದಿದವರು ಆ ಕಟ್ಟಡದಲ್ಲಿ ಇಲ್ಲ. ಒಂದು ವಸ್ತುವಿನ ರಿವಿಷನ್ ಪರಿಶೀಲನೆಯಲ್ಲಿರುವ ತನಕ ಅದರ ಹೊಸ ಆರ್ಡರ್ ಹೊರಡಿಸುವಂತಿಲ್ಲ. ಸೈಟಿನ ತಾತ್ಕಾಲಿಕ ವ್ಯವಸ್ಥೆಯನ್ನು ಮುಟ್ಟುವಂತಿಲ್ಲ. ಬೇರೆ ಸೈಟಿಗೂ ಅದನ್ನೇ ತಾತ್ಕಾಲಿಕವಾಗಿ ಬಳಸಬಹುದು. ಅದೇ ದಿನ ಎರಡನೇ ರಿವಿಷನ್ ಕಳಿಸಿದೆ. ಶುಕ್ರವಾರಗಳಲ್ಲಿ ಊಟದ ಮೇಜಿನ ಮೇಲೆ ಒಂದೊಂದೇ ಬ್ಯಾಲನ್ ಹುಟ್ಟಿ, ಗದಗಿನಿಂದ ಸೂರಜನ ತಾಯಿ ತಾರಾಬಾಯಿ ಚಟ್ನಿ ಪುಡಿ ತುಂಬಿ ಕಳಿಸಿದ್ದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಕೂತು ಮರಳಿಗೆ ಹೋದವು. ಏಳನೇ ಕ್ಯಾಂಪಿನದ್ದನ್ನು ನಾನು ಸುತ್ತಿದೆ.

ನಾಲ್ಕನೇ ರಿವಿಷನ್ನಿನ ಹೊತ್ತಿಗೆ ಆನ್ಸೆಲ್ಮ್ ಅಂಕಲ್ ಮಾತಿಗೆ ಮರಳಿದರು. ಸಿಟ್ಟು ಅವರಿಗೆ ಬಹಳ ದಿನ ನಿಲ್ಲುವುದಿಲ್ಲ. “ಆಯ್ತು ಬಾಯೆ, ನಿನ್ನ ನಾಲ್ಕರದ್ದು ಪಾಸ್ ಆಗಲಿ. ಪಾಸ್ ಆದ ಮೇಲೆ ಖರೀದಿ ನನ್ನ ಕೈಗೇ ಬರುವುದಲ್ವಾ? ‘ಇದು ಅಥವಾ ಇದಕ್ಕೆ ಸಮಾನವಾದದ್ದು’ ಅಂತ ಉಂಟು ಕಾಂಟ್ರಾಕ್ಟಿನಲ್ಲಿ. ಅದೇ ರೇಟಿಗೆ ಹದಿನಾರರದ್ದು ಕೊಡುವವ ಒಬ್ಬ ಶಾರ್ಜಾದಲ್ಲಿ ಸಿಕ್ಕಿದ್ದಾನೆ.”

ಅವರ ಕಣ್ಣಿನಲ್ಲಿ ಕಪಟವಿರಲಿಲ್ಲ. ಕಂಪೆನಿಗೆ ಒಳ್ಳೆಯದಾಗಲಿ ಎಂದೇ ಹೇಳಿದರು, ಅದೇ ನನ್ನನ್ನು ಹೆದರಿಸಿತು.

ಈಗ ದಿನಾ ನಾಲ್ಕಕ್ಕೆ ಹದಿಮೂರು ಕ್ಯಾಂಪುಗಳು ಒಂದರ ಹಿಂದೊಂದು ಮಾತಾಡುತ್ತವೆ. ಮೊದಲು ಡ್ಯಾರಲ್. ಏಳನೆಯದರಲ್ಲಿ ನರ್ಸ್ ಮುಗಿಸಿದ ಮೇಲೆ ಅಲಿಕುಂಞಿ ಮೈಕ್ ಕಸಿದುಕೊಂಡು, “ಬಾಯಮ್ಮ ಉಂಟಾ ಅಲ್ಲಿ? ಇವತ್ತು ಮೀನು ಪದಾರ್ಥ” ಎನ್ನುತ್ತಾನೆ. ಅವನ ಹಿಂದೆ ಒಗ್ಗರಣೆ ಸಿಡಿಯುವುದೂ ಕೇಳಿಸುತ್ತದೆ.

ಆ ಅಣ್ಣತಮ್ಮಂದಿರ ಪ್ರಮಾಣಪತ್ರ, ತಡವಾದದ್ದಕ್ಕೆ ಕ್ಷಮೆ ಕೇಳಿದ ಪತ್ರದ ಜೊತೆ, ಐದನೇ ರಿವಿಷನ್ ಕಳಿಸುವ ಮುಂಚೆಯೇ ಬಂದಿತ್ತು. ಚಂದದ ಕಾಗದ, ಮೂರು ಸೀಲು, ಒಂದು ರಿಬ್ಬನ್ ಕೂಡ. ಇವತ್ತು ಬೆಳಿಗ್ಗೆ ಒಂಬತ್ತನೇ ರಿವಿಷನ್ ಕಳಿಸಿದೆ. ಪ್ರಮಾಣಪತ್ರ ನನ್ನ ಡ್ರಾಯರಿನಲ್ಲಿದೆ.